ಮೈ ಬ್ಲೂಬೆರಿ ನೈಟ್ಸ್: ಪಳಗಿದ ಕೈಯ ನಿರ್ದೇಶಕರು ಇಲ್ಲಿ ಎಡವಿದ್ದೆಲ್ಲಿ?

ತಾರಸಿ_ಟಾಕೀಸು
ಭಾನುವಾರ, ಬೆಳಿಗ್ಗೆ 8:10

ನಮ್ಮ ಗೆಳೆಯರ ಬಳಗ ತಿಂಗಳಿಗೊಮ್ಮೆ ಬನಶಂಕರಿಯ ನಮ್ಮ ಮನೆಯ ತಾರಸಿಯಲ್ಲಿ ಬಿಳಿ ಪರದೆ ಕಟ್ಟಿ ಸಿನಿಮಾ ನೋಡುತ್ತದೆ. ಕಳೆದ ತಿಂಗಳು ಹಾಂಗ್‌ಕಾಂಗಿನ ನಿರ್ದೇಶಕ ವಾಂಗ್ ಕಾರ್-ವಾಯ್ ಅವರ ‘ಇನ್ ದ ಮೂಡ್ ಫಾರ್ ಲವ್’ (2000) ನೋಡಿದೆವು. ಮುಗಿದ ಮೇಲೆ ಹದಿನೈದು ಮಂದಿಯಲ್ಲಿ ಒಬ್ಬರೂ ಕೂತ ಜಾಗದಿಂದ ಏಳಲಿಲ್ಲ. ಫ್ಲಾಸ್ಕಿನಲ್ಲಿದ್ದ ಕಾಫಿಯ ನೆನಪು ಯಾರಿಗಾದರೂ ಬರುವ ಹೊತ್ತಿಗೆ ಬಹಳ ಸಮಯವಾಗಿತ್ತು. ಅದೇ ಉತ್ಸಾಹದಲ್ಲಿ ನಿನ್ನೆ ರಾತ್ರಿ ಅವರದೇ ‘ಮೈ ಬ್ಲೂಬೆರಿ ನೈಟ್ಸ್’ (2007) ಹಾಕಿದೆವು. ಈ ಸಲ ಸಿನಿಮಾ ಮುಗಿಯುವ ಮೊದಲೇ ಮೂವರು ಕೆಳಗಿಳಿದು ಹೋಗಿ ಕಾಫಿ ಬಿಸಿ ಮಾಡಿಕೊಂಡು ಬಂದರು.

ನನಗೆ ಆದದ್ದು ಕೋಪವಲ್ಲ, ಸಂಕಟ. ಈ ನಿರ್ದೇಶಕರನ್ನು ನಾನು ಇಪ್ಪತ್ತು ವರ್ಷಗಳಿಂದ ಪ್ರೀತಿಸುತ್ತಾ ಬಂದಿದ್ದೇನೆ. ಅವರ ಚೌಕಟ್ಟು ಇಲ್ಲಿದೆ, ಕೆಂಪು ಹಸಿರು ನಿಯಾನ್ ದೀಪಗಳಿವೆ, ಗಾಜಿನ ಮೇಲೆ ಬರೆದ ಅಕ್ಷರಗಳ ಹಿಂದಿನಿಂದ ಕಾಣುವ ಮುಖಗಳಿವೆ, ಒಂಟಿಜೀವಗಳೂ ಇವೆ. ಆದರೆ ಎಲ್ಲವೂ ಇದ್ದು ಉಪ್ಪೊಂದಿಲ್ಲದ ಸಾರಿನಂತಾಗಿದೆ.

ಒಂದು ಉದಾಹರಣೆ ಕೊಡುತ್ತೇನೆ. ನ್ಯೂಯಾರ್ಕಿನ ಒಂದು ಸಣ್ಣ ಕೆಫೆ. ಅದನ್ನು ನಡೆಸುವ ಜೆರೆಮಿ (ಜೂಡ್ ಲಾ) ಗಿರಾಕಿಗಳು ಬಿಟ್ಟುಹೋದ ಬೀಗದ ಕೈಗಳನ್ನು ಒಂದು ಗಾಜಿನ ಜಾಡಿಯಲ್ಲಿ ಕೂಡಿಟ್ಟಿದ್ದಾನೆ. ಪ್ರಿಯಕರ ಕೈಬಿಟ್ಟ ಎಲಿಜಬೆತ್ (ನೋರಾ ಜೋನ್ಸ್) ತನ್ನ ಕೀಲಿಕೈಯನ್ನೂ ಅಲ್ಲಿ ಬಿಟ್ಟುಹೋಗುತ್ತಾಳೆ. ಎಂಥ ಸುಂದರವಾದ ವಸ್ತು ಅದು! ಒಂದು ಜಾಡಿಯ ತುಂಬ ಮುರಿದ ಸಂಬಂಧಗಳು. ಕ್ಯಾಮೆರಾ ಅದನ್ನು ತೋರಿಸಿ ಸುಮ್ಮನಾಗಿದ್ದರೆ ನಾವು ಆ ರಾತ್ರಿಯಿಡೀ ಅದನ್ನೇ ನೆನೆಯುತ್ತಿದ್ದೆವು. ಆದರೆ ಜೆರೆಮಿ, ತಾನು ಈ ಕೀಲಿಗಳನ್ನು ಎಸೆದರೆ ಆ ಬಾಗಿಲುಗಳು ಎಂದೆಂದಿಗೂ ಮುಚ್ಚಿಹೋಗುತ್ತವೆ ಎಂಬ ಅರ್ಥ ಬರುವಂತೆ ಬಾಯಿಬಿಟ್ಟು ಹೇಳಿಬಿಡುತ್ತಾನೆ. ಯಾರೂ ಮುಟ್ಟದೆ ಉಳಿಯುವ, ಹಣ್ಣು ತುಂಬಿ ಬೇಯಿಸಿದ ಬ್ಲೂಬೆರಿ ಪೈ ಎಂಬ ತಿಂಡಿಗೂ ಇದೇ ಗತಿ. ಪೈನಲ್ಲಿ ತಪ್ಪೇನೂ ಇಲ್ಲ, ಜನ ಬೇರೆಯದನ್ನು ಆರಿಸಿಕೊಂಡರು ಅಷ್ಟೇ ಎಂದು ಅವನು ಅವಳಿಗೆ ವಿವರಿಸುತ್ತಾನೆ. ನಮ್ಮಲ್ಲಿ ವಿಮರ್ಶಕರು ಹೇಳುವ ಮಾತೊಂದಿದೆಯಲ್ಲ, ‘ವಾಚ್ಯವಾಗಿಬಿಟ್ಟಿದೆ’ (ಸೂಚಿಸಬೇಕಾದದ್ದನ್ನು ನೇರವಾಗಿ ಹೇಳಿಬಿಟ್ಟಿದೆ) ಎಂದು, ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಸಿಕ್ಕಿಲ್ಲ.

ಮೌನದಲ್ಲಿ ಇಷ್ಟು ಪಳಗಿದವರು ಇಲ್ಲಿ ಯಾಕೆ ಇಷ್ಟೊಂದು ಮಾತನಾಡಿದರು? ನೋಡಿದವರು ದಯವಿಟ್ಟು ಹೇಳಿ.

ಮಲ್ಲೇಶ್ವರದ_ಓದುಗ
ಭಾನುವಾರ, ಬೆಳಿಗ್ಗೆ 8:42

ಉತ್ತರ ಸರಳವಾಗಿದೆ. ಅವರು ತಮ್ಮ ಭಾಷೆಯನ್ನೂ ಊರನ್ನೂ ಬಿಟ್ಟು ಹೋದರು. ಇದು ಅವರ ಮೊದಲ ಇಂಗ್ಲಿಷ್ ಚಿತ್ರ, ಕಥೆ ನಡೆಯುವುದು ಅಮೆರಿಕದ ನ್ಯೂಯಾರ್ಕ್, ಮೆಂಫಿಸ್ ಮತ್ತು ನೆವಾಡಾಗಳಲ್ಲಿ. ಪರರ ಮನೆಯಲ್ಲಿ ಅಡುಗೆಗೆ ನಿಂತವರಿಗೆ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಹೇಗೆ ಗೊತ್ತಾಗಬೇಕು?

ಹಳೆಯ_ರೀಲು
ಭಾನುವಾರ, ಬೆಳಿಗ್ಗೆ 9:30

ಓದುಗರೇ, ಈ ಮಾತನ್ನು ನಾನು ಒಪ್ಪಲಾರೆ. ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ ಎನ್ನುವುದಾದರೆ ‘ಸಂಸ್ಕಾರ’ವನ್ನು (1970) ಏನೆನ್ನುತ್ತೀರಿ? ಅದರ ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಮನೆಮಾತು ತೆಲುಗು. ಮಲೆನಾಡಿನ ಮಾಧ್ವ ಅಗ್ರಹಾರವೊಂದರ ಉಸಿರುಕಟ್ಟುವಿಕೆಯನ್ನು ಕನ್ನಡ ತೆರೆಗೆ ತಂದವರು ಇವರೇ. ಎಪ್ಪತ್ತರ ದಶಕದಲ್ಲಿ ಸೈಕಲ್ಲು ತುಳಿದುಕೊಂಡು ಹೋಗಿ ಫಿಲಂ ಸೊಸೈಟಿ ಪ್ರದರ್ಶನಗಳನ್ನು ನೋಡಿದವನು ನಾನು. ಅಲ್ಲಿ ನಾವು ಅದನ್ನು ಎಷ್ಟು ಬಾರಿ ಚರ್ಚಿಸಿದ್ದೇವೆಯೋ ಲೆಕ್ಕವಿಲ್ಲ. ನಮ್ಮ ಮೈಸೂರಿನ ಎಂ.ಎಸ್. ಸತ್ಯು ಅವರು ‘ಗರಂ ಹವಾ’ ಮಾಡಿದ್ದು ಆಗ್ರಾದ ಮುಸ್ಲಿಂ ಕುಟುಂಬವೊಂದರ ಮೇಲೆ, ಉರ್ದುವಿನಲ್ಲಿ. ದೇಶವಿಭಜನೆಯ ನೋವನ್ನು ಅದರಷ್ಟು ಹತ್ತಿರದಿಂದ ಹಿಡಿದ ಚಿತ್ರಗಳು ಎಷ್ಟಿವೆ?

ಆದ್ದರಿಂದ ಊರು ಬಿಟ್ಟದ್ದೇ ಕಾರಣವೆನ್ನುವುದು ಅವಸರದ ತೀರ್ಮಾನ.

ಮಲ್ಲೇಶ್ವರದ_ಓದುಗ
ಭಾನುವಾರ, ಬೆಳಿಗ್ಗೆ 9:51

ಹಿರಿಯರೇ, ‘ಸಂಸ್ಕಾರ’ಕ್ಕೆ ಅನಂತಮೂರ್ತಿಯವರ ಕಾದಂಬರಿಯ ಬೆನ್ನೆಲುಬಿತ್ತು, ಗಿರೀಶ ಕಾರ್ನಾಡರು ಅದಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನೂ ಮಾಡಿದ್ದರು. ಒಳಗಿನವರು ಕೈಹಿಡಿದು ನಡೆಸುತ್ತಿದ್ದರು ಎಂಬುದನ್ನು ಮರೆಯಬಾರದು.

ಹಳೆಯ_ರೀಲು
ಭಾನುವಾರ, ಬೆಳಿಗ್ಗೆ 10:05

ವಾಂಗ್ ಅವರಿಗೂ ಒಳಗಿನವರು ಇದ್ದರಲ್ಲ! ಸಹಲೇಖಕ ಲಾರೆನ್ಸ್ ಬ್ಲಾಕ್ ನ್ಯೂಯಾರ್ಕಿನ ಕಥೆಗಳನ್ನೇ ಬರೆದು ಹೆಸರಾದ ಪತ್ತೇದಾರಿ ಕಾದಂಬರಿಕಾರ. ಸಂಗೀತ ಕೊಟ್ಟವರು ರೈ ಕೂಡರ್. ಅಮೆರಿಕದ ಹೆದ್ದಾರಿಗಳ ಒಂಟಿತನವನ್ನು ಗಿಟಾರಿನಲ್ಲಿ ಅವರಿಗಿಂತ ಚೆನ್ನಾಗಿ ನುಡಿಸಿದವರು ಕಡಿಮೆ. ಆದರೂ ಯಾಕೆ ಕೈಕೊಟ್ಟಿತು ಎಂಬುದೇ ಇಲ್ಲಿಯ ಪ್ರಶ್ನೆ.

ಹೊಸ_ಪ್ರೇಕ್ಷಕಿ
ಭಾನುವಾರ, ಬೆಳಿಗ್ಗೆ 10:20

ನಾನು ನೋಡಿದ ಇವರ ಮೊದಲ ಸಿನಿಮಾ ಇದೇ, ಮತ್ತು ನನಗೆ ಇಷ್ಟವಾಯಿತು. ಇಷ್ಟವಾದದ್ದು ತಪ್ಪೇ?

ತಾರಸಿ_ಟಾಕೀಸು
ಭಾನುವಾರ, ಬೆಳಿಗ್ಗೆ 10:24

ಖಂಡಿತ ತಪ್ಪಲ್ಲ. ಏನು ಇಷ್ಟವಾಯಿತೆಂದು ಬರೆಯಿರಿ, ನನಗೆ ನಿಜವಾಗಿಯೂ ಕೇಳಬೇಕಾಗಿದೆ.

ಕತ್ತರಿ_ಕೆಲಸ
ಭಾನುವಾರ, ಬೆಳಿಗ್ಗೆ 11:15

ನಾನು ಸಂಕಲನದ ಕೆಲಸ ಮಾಡುವವನು. ಗಾಂಧಿನಗರದ ಚಿತ್ರಗಳೂ ಧಾರಾವಾಹಿಗಳೂ ನನ್ನ ಕೈಯಿಂದ ಹಾದುಹೋಗಿವೆ. ಆದ್ದರಿಂದ ಮಾತಿನ ವಿಚಾರ ಬಿಟ್ಟು ಚಿತ್ರಿಕೆಯ (ಶಾಟ್) ವಿಚಾರ ಹೇಳುತ್ತೇನೆ.

ವಾಂಗ್ ಅವರ ಆ ಪ್ರಸಿದ್ಧವಾದ ಎಳೆದಾಡುವ ಚಲನೆ ಇದೆಯಲ್ಲ, ಅದು ನಾವು ಸಾಮಾನ್ಯವಾಗಿ ಬಳಸುವ ಸ್ಲೋಮೋಷನ್ ಅಲ್ಲ. ಸಾಮಾನ್ಯ ಸ್ಲೋಮೋಷನ್‌ಗೆ ಸೆಕೆಂಡಿಗೆ 48 ಅಥವಾ ಹೆಚ್ಚು ಫ್ರೇಮು ಚಿತ್ರೀಕರಿಸಿ 24ರ ವೇಗದಲ್ಲಿ ಓಡಿಸುತ್ತೇವೆ, ಆಗ ಚಲನೆ ನೀರಿನಂತೆ ನುಣುಪಾಗುತ್ತದೆ. ಇವರು ಮಾಡುವುದು ತದ್ವಿರುದ್ಧ. ಸೆಕೆಂಡಿಗೆ ಎಂಟೋ ಹನ್ನೆರಡೋ ಫ್ರೇಮು ಮಾತ್ರ ಹಿಡಿದು, ಒಂದೊಂದನ್ನೂ ಎರಡು ಮೂರು ಬಾರಿ ಮುದ್ರಿಸಿ 24ಕ್ಕೆ ತುಂಬಿಸುತ್ತಾರೆ. ಇದಕ್ಕೆ ಸ್ಟೆಪ್ ಪ್ರಿಂಟಿಂಗ್ ಎನ್ನುತ್ತೇವೆ. ಆಗ ಮನುಷ್ಯರು ಬಣ್ಣದ ಗೆರೆಗಳಾಗಿ ಕಲಸಿಹೋಗುತ್ತಾರೆ, ಚಲನೆ ತಡವರಿಸುತ್ತದೆ. ‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’ನ (1994) ಮೊದಲ ದೃಶ್ಯದಲ್ಲಿ ಹಾಂಗ್‌ಕಾಂಗಿನ ಜನಜಂಗುಳಿಯ ನಡುವೆ ಓಡುವ ಪೊಲೀಸನನ್ನು ಹೀಗೆ ತೋರಿಸುತ್ತಾರೆ. ಅಲ್ಲಿ ಆ ತಂತ್ರಕ್ಕೆ ಕಾರಣವಿದೆ. ನಮ್ಮ ಮೆಜೆಸ್ಟಿಕ್ಕಿನಲ್ಲಿ ಸಂಜೆ ಆರು ಗಂಟೆಗೆ ನಡೆದವರಿಗೆ ಗೊತ್ತು, ಅಷ್ಟು ಜನರ ಮಧ್ಯೆ ಪಕ್ಕದಲ್ಲಿ ಹಾದುಹೋದ ಮುಖ ಕಣ್ಣಿಗೆ ಬಿದ್ದರೂ ನಿಲ್ಲುವುದಿಲ್ಲ. ತಂತ್ರವೇ ಆ ಅನುಭವ.

ಮೆಂಫಿಸಿನ ಬಾರಿನಲ್ಲಿ ರಾತ್ರಿ ಎಷ್ಟು ಜನ ಇರುತ್ತಾರೆ? ಕೈಬೆರಳೆಣಿಕೆ. ಅಲ್ಲಿಯೂ ಅದೇ ತಡವರಿಕೆ, ಅದೇ ಬಣ್ಣದ ಗೆರೆ. ಗದ್ದಲವಿಲ್ಲದ ಕಡೆ ಗದ್ದಲದ ವ್ಯಾಕರಣ ಬಳಸಿದರೆ ಅದು ಅಲಂಕಾರವಾಗಿ ಉಳಿಯುತ್ತದೆ, ಅನುಭವವಾಗುವುದಿಲ್ಲ.

ಇನ್ನೊಂದು ಮಾತು. ‘ಇನ್ ದ ಮೂಡ್’ ಚಿತ್ರದ ಚೌಕಟ್ಟಿನ ಅಗಲ ಎತ್ತರಗಳ ಅನುಪಾತ 1.66:1, ಅಂದರೆ ಕಿಟಕಿಯಂತೆ ಇಕ್ಕಟ್ಟು. ‘ಬ್ಲೂಬೆರಿ’ಯದು 2.35:1, ಉದ್ದನೆಯ ಪಟ್ಟಿ. ಅಷ್ಟು ಅಗಲದಲ್ಲಿ ಇಬ್ಬರು ಕೂತರೆ ಅವರ ಸುತ್ತ ಖಾಲಿ ಜಾಗವೇ ಹೆಚ್ಚು. ಒತ್ತಡ ಸೋರಿಹೋಗುತ್ತದೆ.

ವಿಜಯನಗರ_40
ಭಾನುವಾರ, ಮಧ್ಯಾಹ್ನ 12:02

ಕತ್ತರಿಯವರೇ, ಸ್ಟೆಪ್ ಪ್ರಿಂಟಿಂಗ್ ವಿವರಣೆಗೆ ಕೃತಜ್ಞತೆಗಳು, ಇಷ್ಟು ತಿಳಿಯಾಗಿ ಯಾರೂ ಹೇಳಿರಲಿಲ್ಲ. ಆದರೆ ಎರಡನೆಯ ಮಾತು ನಿಲ್ಲುವುದಿಲ್ಲ. ವಾಂಗ್ ಅವರದೇ ‘2046’ (2004) ಕೂಡ 2.35:1ರಲ್ಲೇ ಇದೆ, ಆದರೂ ಅಲ್ಲಿ ಉಸಿರುಗಟ್ಟುತ್ತದೆ. ಚೌಕಟ್ಟಿನ ಅರ್ಧವನ್ನು ಗೋಡೆಯೋ ಪರದೆಯೋ ಕತ್ತಲೆಯೋ ನುಂಗಿರುತ್ತದೆ, ಮನುಷ್ಯ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿರುತ್ತಾನೆ. ಅಗಲದ ಮೇಲೆ ತಪ್ಪು ಹೊರಿಸಬೇಡಿ.

ಕತ್ತರಿ_ಕೆಲಸ
ಭಾನುವಾರ, ಮಧ್ಯಾಹ್ನ 12:10

ಒಪ್ಪಿದೆ. ಆ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಗಲದ್ದಲ್ಲ, ಆ ಅಗಲವನ್ನು ತುಂಬಿದ ಬಗೆಯದ್ದು ಎನ್ನಬೇಕಿತ್ತು. ಇಲ್ಲಿ ಛಾಯಾಗ್ರಾಹಕರೂ ಬೇರೆ. 1990ರಿಂದ ಅವರ ಜೊತೆಗಿದ್ದ ಕ್ರಿಸ್ಟೋಫರ್ ಡಾಯ್ಲ್ ಬದಲು ದಾರಿಯಸ್ ಖೋಂಜಿ. ಖೋಂಜಿ ಅಸಾಧಾರಣ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಾಯ್ಲ್ ಅವರ ಹೆಗಲ ಮೇಲಿನ ಕ್ಯಾಮೆರಾಕ್ಕೆ ಒಂದು ಚಡಪಡಿಕೆ ಇತ್ತು. ಇಲ್ಲಿ ಪ್ರತಿ ಚಿತ್ರಿಕೆಯೂ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವಷ್ಟು ಮುಗಿದುಹೋಗಿದೆ.

ತುಂಗಾತೀರ
ಭಾನುವಾರ, ಮಧ್ಯಾಹ್ನ 1:35

ನಾನು ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಪಾಠ ಮಾಡುತ್ತೇನೆ. ‘ವಾಚ್ಯ’ ಎಂಬ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ ಧ್ವನಿಯನ್ನು (ಬಾಯಿಬಿಟ್ಟು ಹೇಳದೆ ಹೊಳೆಯುವ ಅರ್ಥವನ್ನು) ಕಾವ್ಯದ ಆತ್ಮವೆಂದಾಗ, ಹೆಣ್ಣಿನ ಲಾವಣ್ಯವು ಅವಳ ಅಂಗಾಂಗಗಳಲ್ಲೇ ಇದ್ದರೂ ಅವುಗಳಿಗಿಂತ ಬೇರೆಯಾಗಿ ಹೊಳೆಯುವಂತೆ ಎಂದು ಹೋಲಿಕೆ ಕೊಡುತ್ತಾನೆ. ಹೇಳಬಹುದಾದದ್ದನ್ನು ಮುಚ್ಚಿಟ್ಟರೆ ಧ್ವನಿ ಹುಟ್ಟುವುದಿಲ್ಲ. ಹೇಳಲು ಆಗದಿದ್ದದ್ದು ಹೇಳಿದ್ದರ ಮೂಲಕವೇ ಹೊಳೆಯಬೇಕು. ‘ಇನ್ ದ ಮೂಡ್’ ಚಿತ್ರದ ಹೆಂಗಸು ಮತ್ತು ಗಂಡಸು ನಿಜಕ್ಕೂ ಮಾತನಾಡುವ ಹಾಗಿಲ್ಲ. 1962ರ ಹಾಂಗ್‌ಕಾಂಗ್, ಬಾಡಿಗೆಗೆ ಹಿಡಿದ ಕೋಣೆಗಳು, ತೆಳುವಾದ ಗೋಡೆಗಳು, ರಾತ್ರಿಯೆಲ್ಲ ಪಕ್ಕದ ಕೋಣೆಯಲ್ಲಿ ಮಾಜೊಂಗ್ ಎಂಬ ಚೀನೀ ಆಟ ಆಡುವ ಮಂದಿ. ತನ್ನ ಗಂಡನಿಗೂ ಆ ಗಂಡಸಿನ ಹೆಂಡತಿಗೂ ಸಂಬಂಧವಿದೆ ಎಂದು ಅವಳು ಬಾಯಿಬಿಟ್ಟು ಹೇಳಿದರೆ ನಾಲ್ಕು ಮನೆಗೆ ಕೇಳುತ್ತದೆ. ಆದ್ದರಿಂದ ಅವಳು ನೂಡಲ್ಸಿನ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಾಳೆ, ಆತ ಎದುರಿಗೆ ಬರುತ್ತಾನೆ, ಇಬ್ಬರೂ ಗೋಡೆಗೆ ಸರಿದು ದಾರಿ ಬಿಡುತ್ತಾರೆ. ನಮ್ಮ ವಠಾರಗಳಲ್ಲಿ ಬೆಳೆದವರಿಗೆ ಆ ದೃಶ್ಯಕ್ಕೆ ಅಡಿಬರಹವೇ ಬೇಡ.

‘ಬ್ಲೂಬೆರಿ’ಯ ಎಲಿಜಬೆತ್‌ಗೆ ಯಾರ ಹೆದರಿಕೆಯೂ ಇಲ್ಲ. ಪ್ರಿಯಕರನನ್ನು ಫೋನಿನಲ್ಲಿ ಬೈಯಬಹುದು, ಅಪರಿಚಿತನ ಮುಂದೆ ಅಳಬಹುದು, ಬೇಡವೆನಿಸಿದರೆ ಬಸ್ಸು ಹತ್ತಿ ಹೋಗಬಹುದು. ಅವಳನ್ನು ತಡೆಯುವ ಗೋಡೆಯೇ ಇಲ್ಲದ ಮೇಲೆ ಮೌನಕ್ಕೆ ಕಾರಣವೆಲ್ಲಿಂದ ಬರಬೇಕು? ಕಾರಣವಿಲ್ಲದ್ದರಿಂದ ಮಾತು ಬಂತು, ಮಾತು ಬಂದದ್ದರಿಂದ ಧ್ವನಿ ಹೋಯಿತು. ನಿರ್ದೇಶಕರು ಎಡವಿದ್ದು ಇಲ್ಲಿ ಎಂದು ನನ್ನ ನಂಬಿಕೆ.

ಹಳೆಯ_ರೀಲು
ಭಾನುವಾರ, ಮಧ್ಯಾಹ್ನ 2:20

ತುಂಗಾತೀರ ಅವರೇ, ವಾಚ್ಯವೇ ದೋಷವೆಂಬಂತೆ ನೀವೆಲ್ಲರೂ ಮಾತನಾಡುತ್ತಿರುವುದು ನನಗೆ ಸರಿಬರುತ್ತಿಲ್ಲ. ಕಾಸರವಳ್ಳಿಯವರ ‘ತಬರನ ಕಥೆ’ಯಲ್ಲಿ (1987) ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಸೋತ ತಬರ ಕೊನೆಗೆ ಸಿಡಿದು ಕೂಗಾಡುವಾಗ ಅಲ್ಲಿ ಏನು ಧ್ವನಿ ಇದೆ? ಎಲ್ಲವೂ ಬಾಯಿಬಿಟ್ಟು ಹೇಳಿದ ಮಾತೇ. ಆದರೂ ಚಾರುಹಾಸನ್ ಅವರ ಆ ಕೂಗು ಕೇಳಿದರೆ ಇವತ್ತಿಗೂ ಮೈ ನಡುಗುತ್ತದೆ. ಅಷ್ಟೂ ಹೊತ್ತು ತಗ್ಗಿಬಗ್ಗಿ, ಕೈಮುಗಿದು ನಿಂತಿದ್ದವನು ಕೂಗುತ್ತಾನೆ ಎಂಬುದರಿಂದ ಆ ಮಾತಿಗೆ ಬೆಲೆ ಬಂತು.

ತುಂಗಾತೀರ
ಭಾನುವಾರ, ಮಧ್ಯಾಹ್ನ 2:41

ಹಿರಿಯರೇ, ನೀವು ನನ್ನ ವಾದವನ್ನೇ ನನಗಿಂತ ಚೆನ್ನಾಗಿ ಹೇಳಿದಿರಿ. ತಬರನ ಮಾತಿನ ಹಿಂದೆ ಎರಡು ಗಂಟೆಯ ಮೌನ ಇತ್ತು. ಜೆರೆಮಿ ಪರಿಚಯವಾದ ಮೊದಲ ದಿನಗಳಲ್ಲೇ ಕೀಲಿಯ ತತ್ತ್ವ ಹೇಳುತ್ತಾನೆ. ಸಂಪಾದಿಸದ ಮಾತು ಅದು.

ಸಾಗರದಾಚೆ
ಭಾನುವಾರ, ಸಂಜೆ 4:15

ಕೆಲಸದ ನಿಮಿತ್ತ ನಾಲ್ಕು ವರ್ಷ ಹಾಂಗ್‌ಕಾಂಗಿನಲ್ಲಿದ್ದು ಈಗ ವೈಟ್‌ಫೀಲ್ಡಿಗೆ ಮರಳಿದ್ದೇನೆ. ಯಾರೂ ಕೇಳದ ಒಂದು ಪ್ರಶ್ನೆ ಕೇಳುತ್ತೇನೆ. ಹಾಂಗ್‌ಕಾಂಗಿನ ಭಾಷೆಯಾದ ಕ್ಯಾಂಟನೀಸ್‌ನಲ್ಲಿ ಅವರು ಮಾಡಿದ ಚಿತ್ರಗಳ ಸಂಭಾಷಣೆ ಕೂಡ ಇಷ್ಟೇ ವಾಚ್ಯವಾಗಿದ್ದು, ನಮಗೆ ಆ ಭಾಷೆ ಬಾರದ್ದರಿಂದ ಅದು ಕಾವ್ಯದಂತೆ ಕೇಳಿಸಿರಬಹುದಲ್ಲವೇ? ‘ಚುಂಗ್‌ಕಿಂಗ್’ನಲ್ಲಿ ಪ್ರೇಮಭಂಗವಾದ ಪೊಲೀಸ್ ಅಧಿಕಾರಿಯೊಬ್ಬ ಮೇ 1ಕ್ಕೆ ಅವಧಿ ಮುಗಿಯುವ ಅನಾನಸ್ ಡಬ್ಬಿಗಳನ್ನು ಹುಡುಕಿ ಹುಡುಕಿ ಕೊಂಡು, ಈ ಲೋಕದಲ್ಲಿ ಅವಧಿ ಮುಗಿಯದ ವಸ್ತು ಯಾವುದಾದರೂ ಇದೆಯೇ ಎಂದು ಯೋಚಿಸುತ್ತಾನೆ. ಬೀಗದ ಕೈಯ ಮಾತಿಗಿಂತ ಅದು ಕಡಿಮೆ ವಾಚ್ಯವೇ? ಇಂಗ್ಲಿಷ್ ನಮಗೆ ನೇರವಾಗಿ ಅರ್ಥವಾಗುತ್ತದೆ, ಆದ್ದರಿಂದ ಅದರ ಬಡತನ ಕಾಣುತ್ತದೆ. ಕ್ಯಾಂಟನೀಸನ್ನು ನಾವು ಓದಿದೆವು, ಕೇಳಲಿಲ್ಲ.

ಹಾಗೆಂದು ಅಲ್ಲಿ ಏನೂ ಇರಲಿಲ್ಲ ಎಂದಲ್ಲ. ‘ಇನ್ ದ ಮೂಡ್’ ಚಿತ್ರದಲ್ಲಿ ಮನೆಯೊಡತಿ ಮಾತನಾಡುವುದು ಶಾಂಘೈ ಭಾಷೆ, ಬಾಡಿಗೆಗೆ ಬಂದವಳಾಗಿ ನಟಿಸಿದ ಮ್ಯಾಗಿ ಚ್ಯೂಂಗ್ ಉತ್ತರಿಸುವುದು ಕ್ಯಾಂಟನೀಸಿನಲ್ಲಿ. ವಾಂಗ್ ಹುಟ್ಟಿದ್ದು ಶಾಂಘೈನಲ್ಲಿ, ಐದು ವರ್ಷದ ಹುಡುಗನಾಗಿ ಹಾಂಗ್‌ಕಾಂಗಿಗೆ ಬಂದವರು. ವಲಸೆ ಬಂದವರ ಆ ಲೋಕ ಅವರ ಬಾಲ್ಯದ ಲೋಕ. ಅಡಿಬರಹದಲ್ಲಿ ಎರಡೂ ಒಂದೇ ಇಂಗ್ಲಿಷ್ ಆಗಿಬಿಡುತ್ತವೆ. ಕುಂದಾಪುರದ ಅತ್ತೆಯೂ ಧಾರವಾಡದ ಸೊಸೆಯೂ ಒಂದೇ ಅಡುಗೆಮನೆಯಲ್ಲಿ ಮಾತನಾಡುವುದನ್ನು ಇಂಗ್ಲಿಷ್ ಅಡಿಬರಹದಲ್ಲಿ ಓದಿದರೆ ಏನು ಉಳಿದೀತು, ಊಹಿಸಿ. ಅಂಥ ಒಂದು ಪದರ ‘ಬ್ಲೂಬೆರಿ’ಯಲ್ಲಿ ಇಲ್ಲ. ಮ್ಯಾಂಚೆಸ್ಟರಿನಿಂದ ಬಂದ ಜೆರೆಮಿಗೂ ಮೆಂಫಿಸಿನ ಕುಡುಕನಿಗೂ ಉಚ್ಚಾರಣೆ ಬೇರೆ, ಆದರೆ ಯೋಚನೆಯ ಧಾಟಿ ಒಂದೇ. ಎಲ್ಲರೂ ನಿರ್ದೇಶಕರ ಮನಸ್ಸಿನಲ್ಲಿರುವ ಒಂದೇ ಸ್ವಗತವನ್ನು ಹಂಚಿಕೊಂಡು ಆಡುತ್ತಿದ್ದಾರೆ.

ತಾರಸಿ_ಟಾಕೀಸು
ಭಾನುವಾರ, ಸಂಜೆ 4:50

ಅನಾನಸ್ ಡಬ್ಬಿಯ ಮಾತು ನನ್ನನ್ನು ನಿಜವಾಗಿಯೂ ತಡೆದು ನಿಲ್ಲಿಸಿತು. ಒಂದು ವ್ಯತ್ಯಾಸ ಮಾತ್ರ ಹೇಳಬಲ್ಲೆ. ಆ ಹುಡುಗ ಆ ಮೂವತ್ತು ಡಬ್ಬಿಗಳನ್ನೂ ಒಂದೇ ರಾತ್ರಿ ಕೂತು ತಿಂದು ಮುಗಿಸುತ್ತಾನೆ. ಮಾತು ಹೊಟ್ಟೆಯೊಳಗೆ ಇಳಿದು ಸಂಕಟವಾಗುತ್ತದೆ. ಜೆರೆಮಿಯ ಕೀಲಿಗಳು ಜಾಡಿಯಲ್ಲೇ ಇರುತ್ತವೆ.

ನೀಲಿ_ಹಣ್ಣು
ಭಾನುವಾರ, ಸಂಜೆ 6:30

ಎಲ್ಲರೂ ಕಲ್ಲು ಹೊಡೆಯುತ್ತಿರುವಾಗ ಒಬ್ಬರಾದರೂ ಈ ಚಿತ್ರದ ಪರವಾಗಿ ನಿಲ್ಲಬೇಕು. ದಯವಿಟ್ಟು ಮೆಂಫಿಸಿನ ಭಾಗವನ್ನು ಮತ್ತೊಮ್ಮೆ ನೋಡಿ. ಡೇವಿಡ್ ಸ್ಟ್ರಾಥೆರ್ನ್ ಮಾಡಿದ ಪೊಲೀಸ್ ಪಾತ್ರ ಆರ್ನಿ ಹಗಲು ಊಟಕ್ಕೆ ಬಂದಾಗ ಸಭ್ಯ, ರಾತ್ರಿ ಬಾರಿನಲ್ಲಿ ಬೇರೆಯೇ ಮನುಷ್ಯ. ಕುಡಿತ ಬಿಡುವವರ ಕೂಟದಲ್ಲಿ ಮೊದಲ ದಿನಕ್ಕೆ ಕೊಡುವ ಬಿಳಿ ಬಿಲ್ಲೆಗಳನ್ನು ಅವನು ಜೇಬಿನಿಂದ ತೆಗೆದು ಮೇಜಿನ ಮೇಲಿಡುತ್ತಾನೆ. ಒಂದಲ್ಲ, ಹಲವು. ಎಷ್ಟು ಸಲ ಬಿಡಲು ಹೊರಟು ಎಷ್ಟು ಸಲ ಸೋತಿದ್ದಾನೆ ಎಂಬುದನ್ನು ಆ ಬಿಲ್ಲೆಗಳೇ ಹೇಳುತ್ತವೆ. ಅವನನ್ನು ಬಿಟ್ಟುಹೋದ ಹೆಂಡತಿಯಾಗಿ ರೇಚಲ್ ವೈಸ್ ಇದ್ದಾರೆ. ಅವನು ಸತ್ತ ಮೇಲೆ ಬಾರಿನಲ್ಲಿ ಅವನ ಬಾಕಿ ಲೆಕ್ಕದ ಚೀಟಿಯನ್ನು ಅಲ್ಲೇ ಇರಲಿ ಬಿಡಿ ಎಂದು ಅವಳು ಕೇಳಿಕೊಳ್ಳುತ್ತಾಳೆ. ಬದುಕಿದ್ದಾಗ ಓಡಿಹೋಗಲು ಹವಣಿಸಿದವಳು, ಸತ್ತ ಮೇಲೆ ಅವನ ಸಾಲವನ್ನಾದರೂ ಗೋಡೆಯ ಮೇಲೆ ಉಳಿಸಿಕೊಳ್ಳುತ್ತಾಳೆ.

ನನ್ನ ಸೋದರಮಾವ ಕುಡಿತದಿಂದ ಹೋದವರು. ಅವರು ಹೋದ ವಾರ ನಮ್ಮ ಬೀದಿಯ ಅಂಗಡಿಯವರು ಉದ್ರಿ ಪುಸ್ತಕ ತೆರೆದು ಅವರ ಹೆಸರಿನ ಪುಟ ತೋರಿಸಿದರು. ಅಮ್ಮ ಹಣ ಕೊಟ್ಟಳು, ಆದರೆ ಆ ಪುಟಕ್ಕೆ ಗೀಟು ಹಾಕಬೇಡಿ ಎಂದಳು. ಯಾಕೆ ಹಾಗೆಂದಳೆಂದು ನನಗೆ ಆಗ ತಿಳಿದಿರಲಿಲ್ಲ. ಈ ಚಿತ್ರ ನೋಡಿದಾಗ ತಿಳಿಯಿತು. ಆದ್ದರಿಂದ ಇದನ್ನು ಪೂರ್ತಿ ಸೋತ ಚಿತ್ರವೆಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ.

ಹೊಸ_ಪ್ರೇಕ್ಷಕಿ
ಭಾನುವಾರ, ಸಂಜೆ 6:44

ನನಗೆ ಇಷ್ಟವಾದದ್ದೂ ಇದೇ ಭಾಗ. ಹೇಳಲು ನನಗೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಮಲ್ಲೇಶ್ವರದ_ಓದುಗ
ಭಾನುವಾರ, ಸಂಜೆ 7:05

ನೀಲಿ ಹಣ್ಣು ಅವರೇ, ನಿಮ್ಮ ಅಮ್ಮನವರ ಮಾತು ಓದಿ ಮನಸ್ಸು ಭಾರವಾಯಿತು. ಮೆಂಫಿಸ್ ಭಾಗ ನಿಲ್ಲುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಗಮನಿಸಿ, ಅದು ನಿಲ್ಲುವುದು ಗಂಡಹೆಂಡತಿ ಇಬ್ಬರಿಗೂ ಬಿಟ್ಟುಹೋಗಲು ಸಾಧ್ಯವಾಗದ ಒಂದು ಊರು ಇರುವುದರಿಂದ. ಎಲ್ಲರಿಗೂ ಅವರ ಕಥೆ ಗೊತ್ತು, ಅದೇ ಬಾರು, ಅದೇ ಕುರ್ಚಿ. ತುಂಗಾತೀರ ಅವರು ಹೇಳಿದ ಗೋಡೆ ಅಲ್ಲಿದೆ. ನೆವಾಡಾಕ್ಕೆ ಹೋದ ಕೂಡಲೇ ಆ ಗೋಡೆಯೂ ಬಿದ್ದುಹೋಗುತ್ತದೆ. ನಟಾಲಿ ಪೋರ್ಟ್‌ಮನ್ ಮಾಡಿದ ಜೂಜುಗಾರ್ತಿ, ಜಾಗ್ವಾರ್ ಕಾರು, ಮರುಭೂಮಿಯ ಹೆದ್ದಾರಿ ಇವೆಲ್ಲ ಪ್ರವಾಸಿಗನೊಬ್ಬ ತೆಗೆದ ಫೋಟೋಗಳಂತೆ ಸರಿದುಹೋಗುತ್ತವೆ.

ಹಾಗಾಗಿ ಬೆಳಿಗ್ಗೆ ನಾನು ಹೇಳಿದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಪರದೇಶ ಎಂಬುದೇ ತೊಡಕಲ್ಲ.

ವಿಜಯನಗರ_40
ಭಾನುವಾರ, ರಾತ್ರಿ 8:00

ಪರದೇಶ ತೊಡಕಲ್ಲ ಎಂಬುದಕ್ಕೆ ಅವರದೇ ಸಾಕ್ಷಿ ಇದೆ, ಇಷ್ಟು ಹೊತ್ತು ಯಾರೂ ಹೆಸರಿಸಲಿಲ್ಲವೆಂದು ಆಶ್ಚರ್ಯವಾಯಿತು. ‘ಹ್ಯಾಪಿ ಟುಗೆದರ್’ (1997) ಬಹುಪಾಲು ನಡೆಯುವುದು ಅರ್ಜೆಂಟೀನಾದಲ್ಲಿ. ಹಾಂಗ್‌ಕಾಂಗಿನಿಂದ ಭೂಗೋಳದ ಇನ್ನೊಂದು ಬದಿಗೆ ಹೋದ ಇಬ್ಬರು ಪ್ರೇಮಿಗಳು, ಇಬ್ಬರೂ ಗಂಡಸರು. ಇಗ್ವಾಸು ಜಲಪಾತ ನೋಡಬೇಕೆಂದು ಹೊರಟು ದಾರಿ ತಪ್ಪುತ್ತಾರೆ, ಕೈಯಲ್ಲಿ ಹಣವಿಲ್ಲದೆ ಬ್ಯೂನಸ್ ಐರಿಸ್‌ನ ಒಂದು ಬಾಡಿಗೆ ಕೋಣೆಯಲ್ಲಿ ಸಿಕ್ಕಿಬೀಳುತ್ತಾರೆ. ಕೋಣೆಯಲ್ಲಿ ಜಲಪಾತದ ಚಿತ್ರವಿರುವ ಒಂದು ಅಗ್ಗದ ಮೇಜುದೀಪ ಇದೆ. ಕೊನೆಗೆ ಜಲಪಾತವನ್ನು ಒಬ್ಬನೇ ನೋಡುತ್ತಾನೆ, ಇನ್ನೊಬ್ಬ ಅದೇ ಕೋಣೆಗೆ ಮರಳಿ ಆ ದೀಪದ ಮುಂದೆ ಕೂರುತ್ತಾನೆ. ಕೋಣೆಯಲ್ಲಿ ಕೂತವನ ಬಾಯಲ್ಲಿ ಒಂದು ಮಾತೂ ಇಲ್ಲ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು.

ಅದೂ ಪರದೇಶವೇ, ಅಲ್ಲಿಯ ಭಾಷೆಯೂ ಪರರದ್ದೇ. ಆದರೆ ಅಲ್ಲಿ ಅವರು ಪರಕೀಯರ ಕಥೆಯನ್ನು ಪರಕೀಯರಾಗಿಯೇ ಹೇಳಿದರು. ಮನೆಗೆ ಹಿಂದಿರುಗಲು ದುಡ್ಡಿಲ್ಲ, ಹಿಂದಿರುಗಿದರೆ ಅದೇ ಊರು ಇರುತ್ತದೆಯೇ ಎಂಬುದೂ ಗೊತ್ತಿಲ್ಲ. 1997ರಲ್ಲಿ ಹಾಂಗ್‌ಕಾಂಗ್ ಬ್ರಿಟನ್ನಿನ ಕೈಯಿಂದ ಚೀನಾಕ್ಕೆ ಹೋದ ವರ್ಷ ಎಂಬುದನ್ನು ನೆನಪಿಡಿ. ‘ಬ್ಲೂಬೆರಿ’ಯಲ್ಲಿ ಅವರು ಅಮೆರಿಕದವರ ಕಥೆಯನ್ನು ಅಮೆರಿಕದವರಂತೆ ಹೇಳಲು ಹೋದರು. ಅಲ್ಲಿ ಎಲಿಜಬೆತ್ ಬದಲು ಮುರುಕು ಇಂಗ್ಲಿಷಿನ, ಹಾಂಗ್‌ಕಾಂಗಿನಿಂದ ಬಂದ ಒಬ್ಬ ಪರಿಚಾರಿಕೆ ಇದ್ದಿದ್ದರೆ? ಅದೇ ಕೆಫೆ, ಅದೇ ಪೈ. ಮಾತು ತಾನಾಗಿಯೇ ಕಡಿಮೆಯಾಗುತ್ತಿತ್ತು.

ತುಂಗಾತೀರ
ಭಾನುವಾರ, ರಾತ್ರಿ 8:12

ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ. ಗೋಡೆಯನ್ನು ಸಮಾಜವೇ ಕಟ್ಟಬೇಕೆಂದಿಲ್ಲ, ಬಡತನವೂ ಬಾರದ ಭಾಷೆಯೂ ಕಟ್ಟಬಲ್ಲವು.

ಕತ್ತರಿ_ಕೆಲಸ
ಭಾನುವಾರ, ರಾತ್ರಿ 8:40

ಇನ್ನೊಂದು ಕಾರಣ ಸೇರಿಸುತ್ತೇನೆ, ಇದು ಅಡುಗೆಮನೆಯ ಕಾರಣ. ಈ ಕಥೆಯ ಬೀಜ ‘ಇನ್ ದ ಮೂಡ್’ ಚಿತ್ರದ ಜೋಡಿ ಮ್ಯಾಗಿ ಚ್ಯೂಂಗ್ ಮತ್ತು ಟೋನಿ ಲ್ಯೂಂಗ್ ಅವರೊಂದಿಗೆ ವಾಂಗ್ ಮಾಡಿದ್ದ ಒಂದು ಕಿರುಚಿತ್ರದಲ್ಲಿದೆ. ರಾತ್ರಿಯ ಅಂಗಡಿ, ಕೇಕು, ನಿದ್ದೆಗೆ ಜಾರಿದವಳ ತುಟಿಯ ಮೇಲೆ ಉಳಿದ ಕೆನೆ, ಒಂದು ಮುತ್ತು. ಕಿರುಚಿತ್ರಕ್ಕೆ ಅಷ್ಟು ಸಾಕು. ಅದನ್ನು ಒಂದೂವರೆ ಗಂಟೆಗೆ ಹಿಗ್ಗಿಸಲು ಮಧ್ಯದಲ್ಲಿ ಎರಡು ಊರು ಸೇರಿಸಿದ್ದಾರೆ, ಹೊಲಿಗೆ ಕಾಣುತ್ತದೆ. ಜೊತೆಗೆ, ಅವರು ಚಿತ್ರಕಥೆಯನ್ನು ಮುಂಚೆಯೇ ಬರೆದಿಟ್ಟುಕೊಂಡು ಶೂಟಿಂಗಿಗೆ ಹೋಗುವವರಲ್ಲ. ‘ಇನ್ ದ ಮೂಡ್’ ಚಿತ್ರೀಕರಣ 15 ತಿಂಗಳು ನಡೆಯಿತು. ತೆಗೆಯುವುದು, ನೋಡುವುದು, ಬಿಸಾಡುವುದು, ಮತ್ತೆ ತೆಗೆಯುವುದು. ಆ ಮೌನ ಬರೆದದ್ದಲ್ಲ, ತೆಗೆದ ಮಾತುಗಳನ್ನು ಸಂಕಲನದ ಮೇಜಿನಲ್ಲಿ ಕತ್ತರಿಸಿ ಕತ್ತರಿಸಿ ಉಳಿಸಿದ್ದು. ನಮ್ಮ ಕೆಲಸದಲ್ಲಿ ಇದನ್ನು ದಿನವೂ ನೋಡುತ್ತೇನೆ. ಕೈಯಲ್ಲಿ ಸಾಮಗ್ರಿ ಧಾರಾಳವಾಗಿದ್ದಾಗ ಮಾತು ಕಿತ್ತು ಎಸೆಯುವ ಧೈರ್ಯ ಬರುತ್ತದೆ, ಇಲ್ಲದಿದ್ದಾಗ ಕಥೆ ಕೂಡಿಸಲು ಆ ಮಾತೇ ಬೇಕಾಗುತ್ತದೆ.

ಹಳೆಯ_ರೀಲು
ಭಾನುವಾರ, ರಾತ್ರಿ 9:05

ನೋರಾ ಜೋನ್ಸ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಪಂಡಿತ್ ರವಿಶಂಕರ್ ಅವರ ಮಗಳು, 2003ರಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ದ ಗಾಯಕಿ. ಇದು ಆಕೆಯ ಮೊದಲ ಚಲನಚಿತ್ರ ಪಾತ್ರ. ಇಡೀ ಚಿತ್ರದ ಭಾರವನ್ನು ಅನುಭವವಿಲ್ಲದ ಹೆಗಲ ಮೇಲೆ ಹೊರಿಸಿದ್ದು ನ್ಯಾಯವೇ? ಆಕೆಯ ಮುಖದಲ್ಲಿ ಒಂದು ಸಹಜ ಸೌಮ್ಯತೆ ಇದೆ, ಆದರೆ ಸಂಭಾಷಣೆ ಒಪ್ಪಿಸುವಾಗ ಆಕೆ ಪಾಠ ಓದುತ್ತಿರುವಂತೆ ಕೇಳಿಸಿತು.

ನೀಲಿ_ಹಣ್ಣು
ಭಾನುವಾರ, ರಾತ್ರಿ 9:16

ಆಕೆಯದು ಕೇಳಿಸಿಕೊಳ್ಳುವ ಪಾತ್ರ. ಬೇರೆಯವರ ದುಃಖಕ್ಕೆ ಕಿವಿಯಾಗಿ ಕೂತವಳು. ಮೆಂಫಿಸಿನಲ್ಲಿ ಲಿಜ್ಜಿ, ನೆವಾಡಾದಲ್ಲಿ ಬೆತ್ ಎಂದು ಹೆಸರನ್ನು ಕೂಡ ಅರ್ಧರ್ಧ ಹಂಚುತ್ತಾ ಹೋಗುತ್ತಾಳೆ. ಆ ದೃಷ್ಟಿಯಿಂದ ನೋಡಿದರೆ ಆಕೆ ಸೋತಿಲ್ಲ.

ಸಾಗರದಾಚೆ
ಭಾನುವಾರ, ರಾತ್ರಿ 9:30

ಇದನ್ನು ತೀರ್ಮಾನಿಸಲು ಒಂದು ಉಪಾಯ ಇದೆ. ಶಬ್ದ ಪೂರ್ತಿ ಮುಚ್ಚಿ ಮೊದಲ ಅರ್ಧ ಗಂಟೆ ನೋಡಿ. ಮಾತೇ ತೊಡಕೋ ಅಲ್ಲವೋ ಗೊತ್ತಾಗುತ್ತದೆ.

ತಾರಸಿ_ಟಾಕೀಸು
ಸೋಮವಾರ, ಬೆಳಿಗ್ಗೆ 7:20

ಸಾಗರದಾಚೆಯವರು ಹೇಳಿದಂತೆ ರಾತ್ರಿ ಹಜಾರದ ಟಿವಿಯಲ್ಲಿ ಶಬ್ದ ಮುಚ್ಚಿ, ಅಡಿಬರಹವನ್ನೂ ತೆಗೆದು ನೋಡಿದೆ. ಶೀರ್ಷಿಕೆ ಬರುವಾಗ ಪೈ ಮೇಲೆ ಐಸ್‌ಕ್ರೀಮ್ ಕರಗಿ ನೇರಳೆ ರಸದೊಳಗೆ ಬಿಳಿ ಎಳೆಗಳಾಗಿ ಹರಿಯುತ್ತದಲ್ಲ, ಅಷ್ಟು ಹತ್ತಿರದಿಂದ ಅದು ತಿಂಡಿಯಂತೆ ಕಾಣುವುದೇ ಇಲ್ಲ, ಗಾಯದಂತೆ ಕಾಣುತ್ತದೆ. ಶನಿವಾರ ಹಾಡು ಕೇಳುತ್ತಾ ಇದನ್ನು ಗಮನಿಸಿರಲೇ ಇಲ್ಲ. ನೋರಾ ಜೋನ್ಸ್ ಬಗ್ಗೆ ನೀಲಿ ಹಣ್ಣು ಅವರು ಹೇಳಿದ್ದು ನಿಜ. ಮಾತಿಲ್ಲದಾಗ ಆ ಮುಖ ಕೇಳಿಸಿಕೊಳ್ಳುತ್ತದೆ.

ಅಷ್ಟರಲ್ಲಿ ಅಮ್ಮ ಹಾಲಿಗೆ ಹೆಪ್ಪು ಹಾಕಿ ಬಂದು ನನ್ನ ಪಕ್ಕ ಕೂತರು. ಅವರಿಗೆ ಇಂಗ್ಲಿಷ್ ಬಾರದು, ನಾನೂ ಏನೂ ಹೇಳಲಿಲ್ಲ. ಎಲಿಜಬೆತ್ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದ ದೃಶ್ಯದವರೆಗೂ ನೋಡಿ, “ಪಾಪ, ಈ ಹುಡುಗಿಗೆ ಮನೆಯಲ್ಲಿ ಯಾರೂ ಇಲ್ಲವೇನೇ? ದಿನಾ ರಾತ್ರಿ ಹೋಟೆಲಿಗೇ ಬರುತ್ತಾಳಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆ ಹುಡುಗನೂ ಅಷ್ಟೇ, ಅಂಗಡಿ ಮುಚ್ಚಿಕೊಂಡು ಮನೆಗೆ ಹೋಗುವುದೇ ಇಲ್ಲ” ಎಂದರು. ಕೀಲಿಗಳ ಜಾಡಿಯನ್ನು ನೋಡಿ ಏನೂ ಕೇಳಲಿಲ್ಲ. ಅವರಿಗೆ ಅದು ಅರ್ಥವಾಗಿತ್ತು. ಅಪ್ಪ ಹೋಗಿ ಆರು ವರ್ಷವಾದರೂ ಅವರ ಸ್ಕೂಟರಿನ ಬೀಗದ ಕೈ ನಮ್ಮ ಮನೆಯ ದೇವರ ಗೂಡಿನ ಪಕ್ಕದ ಮೊಳೆಯಲ್ಲೇ ಇದೆ. ಸ್ಕೂಟರನ್ನು ಎಂದೋ ಮಾರಿದ್ದೇವೆ.

ಮುಂದಿನ ತಿಂಗಳು ‘ಹ್ಯಾಪಿ ಟುಗೆದರ್’ ಹಾಕೋಣವೆಂದಿದ್ದೇನೆ. ಸಂಜೆ ಏಳಕ್ಕೆ ಶುರು, ಮಳೆ ಬಂದರೆ ಹಜಾರದಲ್ಲಿ. ಚಾಪೆ ಸಾಲದು, ಬರುವವರು ಒಂದೊಂದು ತನ್ನಿ.

ಹಳೆಯ_ರೀಲು
ಸೋಮವಾರ, ಬೆಳಿಗ್ಗೆ 7:45

ನಾನು ಬರುತ್ತೇನೆ. ಮೆಟ್ಟಿಲು ಹತ್ತಲು ಮಂಡಿನೋವು, ಹಜಾರದಲ್ಲೇ ಆದರೆ ಇನ್ನೂ ಒಳ್ಳೆಯದು.